ಕಿವಿ ಕೇಳದ ತಾಯಿಗೆ ಕಂಡ ಮಾತು

ಹಾಲಿವುಡ್ಡಿನಲ್ಲಿ ಒಬ್ಬ ನಟನಿದ್ದ. ಪ್ರವಚನಕ್ಕೆ ಸಿನಿಮಾದವನು ಯಾಕೆ ಬಂದ ಅಂತ ನಗಬೇಡಿ. ನಡೆದದ್ದೋ ಕಟ್ಟಿದ್ದೋ ಅಂತಲೂ ಕೇಳಬೇಡಿ. ದೃಷ್ಟಾಂತಕ್ಕೆ ಬೇಕಾಗಿದ್ದ, ಕರೆದಿದ್ದೇನೆ.

ಅವನು ಮೊದಲು ನಾಟಕದವನು. ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಆಕೆಗೊಂದು ಕುರ್ಚಿ. ಮಗ ಪ್ರತಿ ಮಾತನ್ನೂ ಆ ಕುರ್ಚಿಯ ಕಡೆ ಮುಖ ಮಾಡಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಜನ ಅದನ್ನು ಅವನ ಶೈಲಿ ಅಂದರು. ಶೈಲಿಯಲ್ಲ ನೋಡಿ, ಅದು ಪ್ರೀತಿ.

ಆಮೇಲೆ ಮೂಕಿ ಚಿತ್ರಗಳ ಕಾಲ ಬಂತು. ಮುಖ ಅತ್ತರೆ ಸಾಕು, ಮಾತನ್ನು ತೆರೆಯ ಮೇಲೆ ಬರೆದು ತೋರಿಸುತ್ತಿದ್ದರು. ಹಾಗಾಗಿ ಕ್ಯಾಮೆರಾ ಮುಂದೆ ಬಾಯಿಗೆ ಬಂದದ್ದು ಆಡುವುದು ನಟರಿಗೆ ರೂಢಿಯಾಯಿತು. ಯಾರಿಗೆ ಕೇಳಬೇಕು? ಇವನೂ ಕಲಿತ. ಹೆಸರು ಬಂತು, ಬಂಗಲೆ ಬಂತು.

ಒಂದು ಚಿತ್ರದಲ್ಲಿ ಅವನು ಸಾಯುತ್ತಿರುವ ತಾಯಿಯ ಕಾಲು ಹಿಡಿದು ಅಳಬೇಕು. ಚಿತ್ರ ಬಿಡುಗಡೆಯಾದ ಮೊದಲ ದಿನ ತನ್ನ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡಿದ. ತೆರೆಯ ಮೇಲೆ ಅವನ ಕಣ್ಣಲ್ಲಿ ಧಾರಾಕಾರ ನೀರು. ಥಿಯೇಟರಿಗೆ ಥಿಯೇಟರೇ ಅತ್ತಿತು. ತಾಯಿ ಮಾತ್ರ ಅಳಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದಳು: “ಆಕೆ ಕಾಲು ಹಿಡ್ಕೊಂಡು ಏನಂದೆ ಮಗಾ?”

“ಕ್ಷಮಿಸು ಅಂದೆ ಅಮ್ಮ. ಬರೆದು ತೋರ್ಸಿದ್ರಲ್ಲ?”

“ಬರೆದದ್ದು ಓದ್ದೆ. ನೀನು ಅಂದಿದ್ದು, ಈ ಮುದುಕಿ ಬೇಗ ಸಾಯಬಾರ್ದಾ, ನಂಗೆ ಹಸಿವಾಗ್ತಿದೆ ಅಂತ.”

“ಅದು ತಮಾಷೆಗಮ್ಮ. ಯಾರಿಗೂ ಕೇಳ್ಸಲ್ಲ ಅಂತ...”

“ನಂಗೂ ಕೇಳಿಸ್ಲಿಲ್ಲಪ್ಪ. ಕಾಣಿಸ್ತು.”

ಬೈಯಲಿಲ್ಲ. ಆದರೆ ಅಂದಿನಿಂದ ಅವನು ಮಾತಿಗೆ ಬಾಯಿ ತೆರೆದರೆ ಆಕೆ ಕಿಟಕಿಯ ಕಡೆ ತಿರುಗುತ್ತಿದ್ದಳು. ಕಿವಿ ಇಲ್ಲದವಳು ಮುಖ ತಿರುಗಿಸಿದರೆ ಇನ್ನು ಅವನ ಮಾತು ಹೋಗುವ ದಾರಿ ಯಾವುದು? ಬರೆದು ಕೊಟ್ಟರೆ, ಬರೆದದ್ದನ್ನು ಆಕೆ ಇನ್ನು ನಂಬುತ್ತಾಳೆಯೇ? ಮುಂದೆ ಮಾತಿನ ಚಿತ್ರಗಳು ಬಂದವು, ನಾಟಕದ ಗಂಟಲು ಅವನ ಕೈ ಹಿಡಿಯಿತು, ದೇಶವೆಲ್ಲ ಅವನ ದನಿ ಕೇಳಿತು. ತಾಯಿ ಹಾಸಿಗೆ ಹಿಡಿದಾಗ ನಿಜವಾಗಿಯೂ ಕಾಲು ಹಿಡಿದು ಕ್ಷಮಿಸಮ್ಮ ಅಂದ. ಹತ್ತು ಸಲ ಅಂದ. ಆಕೆಯ ಕಣ್ಣು ಮುಚ್ಚಿತ್ತು. ಆ ಕಣ್ಣು ಮತ್ತೆ ತೆರೆಯಲಿಲ್ಲ. ಪಾಪ, ಅವನಿಗೆ ಆ ಕೊರಗು ಸಾಯುವವರೆಗೂ ಹೋಗಲಿಲ್ಲ.

ಅಯ್ಯೋ ಪಾಪಿ ಅಂತೀರಾ? ನಾವೇನು ಕಡಿಮೆ? ಈಗ ಶ್ಲೋಕ ಹೇಳುವಾಗ ಬಾಗಿಲ ಬಳಿಯ ಯಜಮಾನರೊಬ್ಬರ ತುಟಿ ದೇವರ ಕಡೆಗಿತ್ತು, ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಕಡೆಗಿತ್ತು. ಹೆಸರು ಹೇಳುವುದಿಲ್ಲ, ನಾನೂ ಅಂಥವನೇ. ಮನೆಯಲ್ಲಿ ತಾಯಿ ಏನೋ ಹೇಳುತ್ತಿರುತ್ತಾಳೆ, ನಮ್ಮ ಬಾಯಿ ‘ಹೂಂ, ಹೂಂ’ ಅನ್ನುತ್ತದೆ, ಕಣ್ಣು ಮೊಬೈಲಿನಲ್ಲಿ. ಆಕೆಗೆ ತಿಳಿಯುವುದಿಲ್ಲ ಅಂದುಕೊಂಡಿರಾ? ತಿಳಿಯುತ್ತದೆ. ಸುಮ್ಮನಿದ್ದಾಳೆ ಅಷ್ಟೇ.

ದೊಡ್ಡ ವ್ರತ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಆಕೆ “ತಿಂಡಿ ಆಯ್ತೇನೋ?” ಅಂದಾಗ ಮೊಬೈಲು ಕೆಳಗಿಡಿ. ಮುಖ ನೋಡಿ ಉತ್ತರ ಕೊಡಿ. ಆಕೆ ಇನ್ನೂ ನಿಮ್ಮ ಕಡೆ ನೋಡುತ್ತಿರುವಾಗಲೇ ಕೊಡಿ.