ಎಂಟನೇ ತೂತಿನ ಅಳತೆ

ಎಂಟನೇದಾ? ಎಂಟನೇ ತೂತಿಗೇನಾಯ್ತು? ನಲವತ್ತೆರಡು ಸೆಂಟಿಮೀಟರ್ ಅಂತ ವರದೀಲಿ ಬರ್ದಿದೀನಲ್ಲ ಗುನ್ವೋರ್. ಒಂಬತ್ತನೇದೂ ನಲವತ್ತೆರಡು, ಹತ್ತನೇದೂ ಅಷ್ಟೇ. ಒಂದೇ ಕೊಲ್ಲಿ, ಒಂದೇ ಚಳಿ... ಮಂಜುಗಡ್ಡೆ ಒಂದೇ ದಪ್ಪ ಇರಬಾರ್ದಾ? ಯಾಕೆ ಹಾಗೆ ನೋಡ್ತೀರಿ?

ನೀವು ಭಾಷೆ ಕಲಿಸೋರು! ಅಂಕಿ ನೋಡೋದು ಮೇಲಿನ ಮಹಡಿಯ ವಿಜ್ಞಾನದ ಮೇಷ್ಟ್ರುಗಳ ಕೆಲಸ. ವ್ಯಾಕರಣ ತಪ್ಪಿದೆಯಾ ಹೇಳಿ, ತಿದ್ಕೋತೀನಿ... ಸರಿ, ಸರಿ. ಕೂತ್ಕೋತೀನಿ.

ನನ್ನ ಮೊದಲ್ನೇ ವರದಿ ನೆನಪಿದೆಯಾ? 'ನಾನು ಮತ್ತು ಸಿಕ್ಸ್ಟೆನ್ ಬೆಳಿಗ್ಗೆ ಮಂಜುಗಡ್ಡೆ ಮೇಲೆ ಹೋದೆವು, ನಮ್ಮ ಕೈ ಮರಗಟ್ಟಿತು' ಅಂತ ಶುರು ಮಾಡಿದ್ದೆ. ನೀವು ಪೂರಾ ವಾಕ್ಯ ಹೊಡೆದು ಹಾಕಿ ಪಕ್ಕದಲ್ಲಿ ಬರೆದ್ರಿ, 'ಇದು ಅಮ್ಮನಿಗೆ ಬರೆಯೋ ಕಾಗದ, ವರದಿ ಅಲ್ಲ' ಅಂತ. ನಗ್ಬೇಡಿ! ನಂಗೆ ಆವತ್ತು ನಗು ಬಂದಿರ್ಲಿಲ್ಲ. ಶೌಚಾಲಯಕ್ಕೆ ಹೋಗಿ ಅತ್ತು ಬಂದಿದ್ದೆ. ಆಮೇಲೆ ನೀವೇ ಕಲಿಸಿದ್ರಿ, ನಿಮ್ಮ ಭಾಷೇಲಿ ಕ್ರಿಯಾಪದದ ಬಾಲಕ್ಕೆ ಒಂದು 'ಸ್' ಅಂಟಿಸಿಬಿಟ್ರೆ ಸಾಕು, ಮಾಡಿದೋರು ಮಾಯ. ತೂತು ಕೊರೆಯಲಾಯಿತು. ದಪ್ಪ ಅಳೆಯಲಾಯಿತು. ಎಷ್ಟು ಚೆನ್ನಾಗಿ ಕಲ್ತೆ ನೋಡಿ! ಎರಡನೇ ವರದೀಲಿ ಒಂದೇ ಒಂದು ಕಡೆಯೂ 'ನಾನು' ಇರ್ಲಿಲ್ಲ. ಆದ್ರೂ ವಾಪಸ್ ಬಂತು. ವಿವರಣೆ ಭಾಗ ತೆಳು ಅಂದ್ರಿ. ಇದು ಮೂರನೇದು, ಕೊನೇದು. ಇದೂ ಹೋದ್ರೆ ಇಡೀ ವರ್ಷ ಹೋಯ್ತು. ನನ್ನ ಜೊತೆ ಓದೋ ಸಿಕ್ಸ್ಟೆನ್‌ಗೇನು, ಅವನು ಈ ಭಾಷೇಲೇ ಹುಟ್ಟಿದೋನು. ನಾನು ಆಚೆ ದಡದ ಫಿನ್‌ಲೆಂಡಿನೋಳು, ಶಾಲೇಲಿ ಕಲ್ತ ನಾಲ್ಕಕ್ಷರ ಇಟ್ಕೊಂಡು...

ಯಾರು ಕೊರೆದ್ರು ಅಂದ್ರೆ? ವರದೀಲಿ ಅದನ್ನ ಕೇಳಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು! ...ಸರಿ. ಏಳನೇ ತೂತಿನ ತನಕ ಇಬ್ರೂ ಸೇರಿ ಕೊರೆದ್ವಿ. ಮಾರನೇ ದಿನ ಸಿಕ್ಸ್ಟೆನ್‌ಗೆ ಜ್ವರ. ನಾನೊಬ್ಬಳೇ ಬೈರಿಗೆ ಹೆಗಲ ಮೇಲೆ ಹೊತ್ಕೊಂಡು ಹೋದೆ. ಮೈನಸ್ ಇಪ್ಪತ್ತಾರು ಡಿಗ್ರಿ. ಎಂಟು, ಒಂಬತ್ತು, ಹತ್ತು, ಈ ಮೂರೂ ಕೊಲ್ಲಿಗೆ ನದಿ ಬಂದು ಸೇರೋ ಮೂಲೇಲಿವೆ.

ಗಡಿಯಾರ ಯಾಕೆ ನೋಡ್ತೀರಿ? ಇನ್ನೂ ಹನ್ನೆರಡಕ್ಕೆ ಹತ್ತು ನಿಮಿಷ ಇದೆ.

ಬೇರೆ ಯಾರಿಗಾದ್ರೂ ಕೊಟ್ಟಿದೀನಾ ಅಂತಾನಾ? ಹೌದು. ಒಂದು ಪ್ರತಿ ಸ್ಕೇಟಿಂಗ್ ಕ್ಲಬ್ಬಿನ ಬೊರ್ಯೆ ಅವರಿಗೂ ಕಳಿಸ್ದೆ, ನಿನ್ನೆ. ಅವರೇ ಕೇಳಿದ್ರು. ಮಂಜುಗಡ್ಡೆ ಮೇಲೆ ಟ್ರ್ಯಾಕ್ಟರ್ ಇಳಿಸೋಕೆ ನಲವತ್ತು ಸೆಂಟಿಮೀಟರ್ ಬೇಕಂತೆ. 'ಎಲ್ಲಾ ಕಡೆ ನಲವತ್ತು ದಾಟಿದೆ, ಹಿಮ ಸರಿಸಿ ಸ್ಕೇಟಿಂಗ್‌ಗೆ ದಾರಿ ಮಾಡ್ತೀನಿ, ತುಂಬಾ ಥ್ಯಾಂಕ್ಸ್ ಹುಡುಗಿ' ಅಂತ ಉತ್ತರ ಬರೆದಿದಾರೆ. ಯಾವತ್ತು ಅಂತ... ಇವತ್ತೇ ಇರ್ಬೇಕು. ಮಧ್ಯಾಹ್ನದ ಹೊತ್ತಿಗೆ.

ಸರಿ, ಹೇಳ್ತೀನಿ! ಹೇಳ್ತೀನಿ. ಆ ಮೂರು ಅಳೆದಿದ್ದಲ್ಲ. ಅಂದಾಜು. ಏಳು ತೂತಿನ ಸರಾಸರಿ ಹಾಕಿದ್ದು. ಚಳಿ ತಡೀಲಾರ್ದೆ ವಾಪಸ್ ಬಂದೆ, ತಪ್ಪು, ಒಪ್ಕೋತೀನಿ. ಆದ್ರೆ ಅಂದಾಜು ಅಂದ್ರೆ ಸುಳ್ಳಲ್ಲವಲ್ಲ? ಎಲ್ರೂ ಮಾಡೋದೇ... ನಾಳೆ ಹೋಗಿ ಮೂರೂ ಕೊರೆದು ಬರ್ತೀನಿ. ಅಷ್ಟೇ ತಾನೇ? ಮುಗೀತಲ್ಲ?

ಗುನ್ವೋರ್, ಬೈಯಿರಿ. ಪೆನ್ಸಿಲ್ ಯಾಕೆ ಕೆಳಗಿಟ್ರಿ?

ಎಂಟನೇದನ್ನ ಕೊರೆದೆ.

ಕೊರೆದೆ. ನಾಲ್ಕು ಸುತ್ತು ತಿರುಗಿಸೋಷ್ಟರಲ್ಲಿ ಬೈರಿಗೆ ಕೈತಪ್ಪಿದ ಹಾಗೆ ಕೆಳಗೆ ಜಾರ್ತು. ಕಪ್ಪು ನೀರು ಉಕ್ಕಿ ಬೂಟಿನ ಸುತ್ತ ಹರಡ್ಕೊಂಡ್ತು. ಅಳತೆಕೋಲು ಇಟ್ಟು ನೋಡ್ದೆ. ಹದಿನಾಲ್ಕು. ಮತ್ತೆ ಇಟ್ಟೆ. ಹದಿನಾಲ್ಕೇ. ಹೊಟ್ಟೆ ಮೇಲೆ ಮಲಗಿ ತೆವಳ್ಕೊಂಡು ಹಿಂದಕ್ಕೆ ಬಂದೆ. ಬೈರಿಗೆ ಅಲ್ಲೇ ಬಿಟ್ಟೆ.

ಯಾಕೆ ಬರೀಲಿಲ್ಲ ಅಂತಾನಾ? ಬರೆಯೋಕೆ ಕೂತೆ! ಭಾನುವಾರ ಇಡೀ ದಿನ ಕೂತೆ. ಒಂದು ಅಂಕಿ ಉಳಿದವುಗಳ ಸಾಲಿಗೆ ಸೇರದಿದ್ರೆ ಯಾಕೆ ಅಂತ ಒಂದು ಪುಟ ವಿವರಣೆ ಬೇಕು ಅಂದಿದ್ರಿ. ಹರಿವು, ಉಪ್ಪು, ನದಿ ನೀರಿನ ಬಿಸುಪು, ಅಳತೆಯ ದೋಷ... ನನ್ನ ಭಾಷೇಲಿ ಕೇಳಿದ್ರೆ ನಿಂತಲ್ಲೇ ಹೇಳ್ತೀನಿ. ನಮ್ಮಜ್ಜ ಅಂಥಾ ಮಂಜುಗಡ್ಡೆ ಕೊರೆದು ನಲವತ್ತು ವರ್ಷ ಮೀನಿಗೆ ಬಲೆ ಬಿಟ್ಟೋರು. ನಿಮ್ಮ ಭಾಷೇಲಿ ಮೂರು ವಾಕ್ಯ ಬರೆದೆ, ಮೂರೂ ಮಗು ಮಾತಾಡಿದ ಹಾಗಿತ್ತು. ಪಕ್ಕದಲ್ಲಿ ಮತ್ತೆ ನಿಮ್ಮ ಪೆನ್ಸಿಲ್ ಗೀಟು ಕಂಡ ಹಾಗಾಯ್ತು. ನಲವತ್ತೆರಡು ಅಂತ ಹಾಕಿದ್ರೆ ಒಂದು ಸಾಲೂ ಬೇಕಿರ್ಲಿಲ್ಲ. ಹಾಕಿದೆ. ಬೊರ್ಯೆ ಕೇಳ್ತಾರೆ ಅಂತ ಆಗ ಗೊತ್ತಿರ್ಲಿಲ್ಲ, ಆಣೆ! ಕೇಳಿದ್ಮೇಲೆ... ಅದೇ ಪ್ರತಿ ಕಳಿಸಿಬಿಟ್ಟೆ.

ಫೋನ್ ಕೊಡಿ. ಇಲ್ಲ, ನೀವು ಮಾಡ್ಬೇಡಿ, ನಾನೇ ಮಾಡ್ತೀನಿ. ನಂಬರ್... ಹಾಂ. ರಿಂಗ್ ಆಗ್ತಿದೆ. ತೆಗೀತಿಲ್ಲ. ಟ್ರ್ಯಾಕ್ಟರ್ ಸದ್ದಲ್ಲಿ ಕೇಳ್ಸಲ್ಲ ಅವರಿಗೆ... ತೆಗೀರಿ, ತೆಗೀರಿ... ಕಟ್ಟಾಯ್ತು. ಇನ್ನೊಂದ್ಸಲ. ದೇವರೇ...

ಬೊರ್ಯೆ? ನಾನು ಹಿಲ್ಯಾ! ವರದಿ ಕಳಿಸಿದೋಳು! ಎಲ್ಲಿದೀರಿ? ...ಆರನೇ ತೂತಿನ ಗುರುತು ದಾಟಿದ್ರಾ? ನಿಲ್ಲಿಸಿ. ಅಲ್ಲೇ ನಿಲ್ಲಿಸಿ! ಎಂಟರ ಹತ್ರ ಹದಿನಾಲ್ಕೇ ಇರೋದು. ಹದಿನಾಲ್ಕು! ಇಲ್ಲ, ಕೈತಪ್ಪಲ್ಲ, ಬೇಕಂತಲೇ ಸುಳ್ಳು ಬರೆದಿದ್ದು. ಮುಂದೆ ಒಂದು ಮಾರೂ ಹೋಗ್ಬೇಡಿ. ಬಂದ ಗಾಲಿ ಗುರುತಲ್ಲೇ ಹಿಂದಕ್ಕೆ... ಏನಂದ್ರಿ? ...ಸರಿ. ಹಾಗೇ ಮಾಡಿ. ಲೈನಲ್ಲೇ ಇರಿ, ಇಡ್ಬೇಡಿ.

ನಿಲ್ಲಿಸಿದ್ರು, ಗುನ್ವೋರ್. ಇಂಜಿನ್ ಆರಿಸಿದ್ರು. ಇಲ್ಲ, ಬೈಲಿಲ್ಲ. ಅವರು ಒಬ್ಬರೇ ಇಲ್ವಂತೆ. ಕಾಫಿ ಫ್ಲಾಸ್ಕ್ ಹಿಡ್ಕೊಂಡು ಹೆಂಡತೀನೂ ಪಕ್ಕದಲ್ಲೇ ಕೂತಿದಾರಂತೆ. ಮೊದಲು ಅವರನ್ನ ಕೆಳಗಿಳಿಸ್ತಿದಾರೆ... ಇಬ್ರೂ ಇಳಿದ್ರು. ಹಿಂದಕ್ಕೆ ನಡೀತಿದಾರೆ. ಹೆಜ್ಜೆ ಸದ್ದು ಕೇಳ್ತಿದೆ ನೋಡಿ. ಐದನೇ ಗುರುತಿಗೆ ಬಂದ್ರಂತೆ.

ಪೆನ್ಸಿಲ್ ಯಾಕೆ ನನಗೆ ಕೊಡ್ತಿದೀರಿ ಗುನ್ವೋರ್, 'ನಾನು' ಅಂತಲೇ ಶುರು ಮಾಡಿ ಬರೀಲಾ?