ಗೋಡೆ ಕುಟುಕಿದ ಚುಕ್ಕಿ ಹ್ಯಾಟೆ

ಹೂಂ ಅನ್ನೋರು ಮುಂದೆ ಬನ್ನಿ. ನಿದ್ದೆ ಬಂದೋರು ಗೋಡೆಗೆ ಒರಗಿ. ಒರಗೋ ಮುಂಚೆ ಗೋಡೆಯ ಬುಡಕ್ಕೊಂದು ಸಲ ಕೈಯಾಡಿಸಿ, ಕಥೆ ಇರೋದೇ ಅಲ್ಲಿ.

ಒಂದಾನೊಂದು ಸೀಮೆ. ಅದರ ಹೆಸರು ನಮ್ಮಜ್ಜಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಆ ಸೀಮೆಗೊಬ್ಬ ಪಾಳೇಗಾರ. ಅವನ ಊರಂಚಿಗೆ ಒಂದು ಕೆರೆ. ಕೆರೆ ಪಕ್ಕದ ಗುಡಿಸಲಲ್ಲಿ ಸಾಕವ್ವ ಅನ್ನೋಳು. ಗಂಡ ಇಲ್ಲ, ಹೊಲ ಇಲ್ಲ. ಇದ್ದದ್ದು ಒಂದು ಹ್ಯಾಟೆಕೋಳಿ, ಚುಕ್ಕಿ ಅಂತ. ಮೊಟ್ಟೆ ಕೊಟ್ಟು ರಾಗಿ ತರೋಳು, ಮರಿ ಮಾಡಿಸಿ ಉಪ್ಪು ಮೆಣಸಿನಕಾಯಿ ತರೋಳು. ಹುಂಜ ಕೂಗಿದರೆ ಊರಿಗೆ ಬೆಳಗು, ಚುಕ್ಕಿ ಮೊಟ್ಟೆಯಿಟ್ಟರೆ ಸಾಕವ್ವನಿಗೆ ಬೆಳಗು.

ಸಾಕವ್ವನದೊಂದು ವಾಡಿಕೆ. ಕೆರೆ ದಂಡೆಯಲ್ಲಿ ಬಿದ್ದಿರೋ ಬಿಳಿ ಚಿಪ್ಪನ್ನ ಮಡಿಲು ತುಂಬ ಆಯ್ದು ತರೋಳು. ಒರಳಿಗೆ ಹಾಕಿ ನುಚ್ಚಿನ ಹಂಗೆ ಕುಟ್ಟೋಳು. ತಿಂದ ಮೊಟ್ಟೆಯ ಸಿಪ್ಪೆಯನ್ನೂ ಬಿಸಾಡದೆ, ಓಡಿನಲ್ಲಿ ಹುರಿದು ಪುಡಿ ಮಾಡಿ ಜತೆಗೆ ಬೆರೆಸೋಳು. ಸಂಜೆ ಅಂಗಳಕ್ಕೆ ಎರಚಿದರೆ ಚುಕ್ಕಿ ಟಕ್ ಟಕ್ ಟಕ್ ಅಂತ ಆರಿಸಿ ತಿನ್ನೋಳು. ಯಾಕವ್ವ ಹಿಂಗೆ ಅಂದರೆ, ನಮ್ಮತ್ತೆ ಮಾಡ್ತಿದ್ದಳು, ನಾನೂ ಮಾಡ್ತೀನಿ ಅನ್ನೋಳು. ಆ ಕೋಳಿಯ ಮೊಟ್ಟೆ ಹೆಂಗಿರ್ತಿತ್ತು ಗೊತ್ತಾ? ಒಂದಕ್ಕೊಂದು ತಾಗಿದರೆ ಕಲ್ಲಿಗೆ ಕಲ್ಲು ತಾಗಿದ ಸದ್ದು.

ಹಿಂಗಿರೋವಾಗ ಪಾಳೇಗಾರನಿಗೆ ಒಂದು ಆಸೆ ಹುಟ್ಟಿತು. ನೆರೆ ಸೀಮೆಯೋನು ಕಣ್ಣುಜ್ಜಿಕೊಂಡು ನೋಡೋವಂಥ ಬೆಳ್ಳನೆ ಗೋಡೆ ಬೇಕು. ಗಾರೆಯೋರು ಅಂದರು: ಚಿಪ್ಪು ಸುಟ್ಟ ಸುಣ್ಣ ಬೇಕು, ಅದಕ್ಕೆ ಮೊಟ್ಟೆಯ ಲೋಳೆ ಕಲಸಬೇಕು, ಆಗ ಗಾರೆ ಕಲ್ಲಾಗ್ತದೆ. ಸರಿ, ಡಂಗುರ ಬಿತ್ತು. ಕೆರೆಯ ಚಿಪ್ಪು ಅರಮನೆಗೆ. ಮನೆಮನೆಯ ಮೊಟ್ಟೆ ಅರಮನೆಗೆ. ಒಡೆದ ಸಿಪ್ಪೆಯೂ ಅರಮನೆಯ ಸುಣ್ಣದ ಭಟ್ಟಿಗೆ. ಒಂದು ಚಿಪ್ಪು ಮುಟ್ಟಿದೋರಿಗೆ ಛಡಿ ಏಟು.

ಕೇಳಿದಿರಾ ಈ ಜಾಣತನವ? ಹಸುವಿನ ಮೇವೂ ನಂದೇ, ಹಾಲೂ ನಂದೇ ಅಂದ ಹಂಗಾಯ್ತು.

ಮೊದಲ ಬುಟ್ಟಿ ಹೋಯ್ತು, ಮೊಟ್ಟೆ ಗಟ್ಟಿ. ಎರಡನೇ ಬುಟ್ಟಿ ಹೋಯ್ತು, ಸಿಪ್ಪೆ ಈರುಳ್ಳಿ ಹೊಟ್ಟಿನಷ್ಟು ತೆಳು. ಮೂರನೇ ಬುಟ್ಟಿ ಹೊತ್ತಾಗ ಸಾಕವ್ವನ ಸೆರಗೆಲ್ಲ ಲೋಳೆ. ಸಿಪ್ಪೆಯೇ ಇಲ್ಲ, ಬರೀ ತೊಗಲು ಮೊಟ್ಟೆ. ಚುಕ್ಕಿಯೂ ಕಾಲೆಳೆದು ನಡೀತಿದ್ದಳು. ಪಾಪ, ಹೊಟ್ಟೆಗೆ ಸಿಗದ್ದನ್ನ ತನ್ನ ಮೂಳೆಯಿಂದಲೇ ಕಿತ್ತು ಮೊಟ್ಟೆಗೆ ಕೊಟ್ಟಿದ್ದಳು. ತಾಯಿ ಅಲ್ಲವಾ?

ಪಾಳೇಗಾರ ಬುಟ್ಟಿ ನೋಡಿ ಕೆಂಡವಾದ. ಈ ಮುದುಕಿ ಮಾಟ ಮಾಡಿದ್ದಾಳೆ, ತೊಗಲು ಮೊಟ್ಟೆ ಇಡೋ ಕೋಳಿ ಸೀಮೆಗೇ ಅಪಶಕುನ, ನಾಳೆ ಗೋಡೆಯ ಬುಡದಲ್ಲಿ ಅದರ ಕತ್ತು ಕುಯ್ಯಿರಿ ಅಂದ.

ಸಾಕವ್ವ ಅಂದಳು, "ಹಾಕದೆ ಕೇಳಬಾರದು ಬುದ್ಧಿ."

"ಏನಂದೆ?"

"ಕೋಳಿಗೆ ಚಿಪ್ಪು ಹಾಕದೆ ಮೊಟ್ಟೆ ಕೇಳಬಾರದು ಅಂದೆ. ಬೇಕಾದರೆ ಮೂರನೇ ಸಲವೂ ಅಂತೀನಿ."

ಸಾಕವ್ವ ಮನೆಗೆ ಬಂದರೆ ಪಕ್ಕದ ಮನೆ ಬೋರಕ್ಕ ಅಳ್ತಾ ಕೂತಿದ್ದಳು. ಕೋಳಿ ಎತ್ಕೊಂಡು ಸೀಮೆ ದಾಟಿಬಿಡು ಅಕ್ಕಯ್ಯ ಅಂತ ಕೈ ಹಿಡಿದಳು. ಸಾಕವ್ವ ಬರಿದಾದ ಒರಳು ತೋರಿಸಿದಳು. "ಒರಳಿಗೆ ತಲೆ ಕೊಟ್ಟ ಮೇಲೆ ಒನಕೆಗೆ ಹೆದರ್ತಾರೇನೇ ಬೋರಿ? ಇವತ್ತು ನಾನು ಓಡಿದರೆ, ನಾಳೆ ನಿನ್ನ ಕೋಳಿ ತೊಗಲು ಮೊಟ್ಟೆ ಇಡ್ತದೆ. ಆಗ ನೀನೂ ಓಡ್ತೀಯಾ?"

ಬೋರಕ್ಕನ ಕೋಳಿ ನಿನ್ನೆಯೇ ಇಟ್ಟಿತ್ತು. ಕಣ್ಣೊರೆಸಿಕೊಂಡು ಎದ್ದು ಪಕ್ಕದ ಮನೆಗೆ ಹೋದಳು. ಆಮೇಲೆ ಅದರ ಪಕ್ಕದ ಮನೆಗೆ. ಆಮೇಲೆ ಅದರ ಪಕ್ಕದ ಮನೆಗೆ.

ಬೆಳಗಾಯ್ತು. ಯಾರೂ ಎಳಕೊಂಡು ಹೋಗೋ ಮೊದಲೇ ಸಾಕವ್ವ ಚುಕ್ಕಿಯನ್ನ ಕಂಕುಳಲ್ಲಿಟ್ಟುಕೊಂಡು ಗೋಡೆಯ ಹತ್ತಿರ ಬಂದಳು. ಊರಿಗೂರೇ ನೆರೆದಿತ್ತು. ಕುಯ್ಯೋ ಮುಂಚೆ ಒಂದು ಗಳಿಗೆ ಕೊಡಿ, ಸಿಪ್ಪೆ ಕದ್ದ ಕಳ್ಳ ಯಾರು ಅಂತ ಇವಳೇ ತೋರಿಸ್ತಾಳೆ ಅಂದಳು. ಪಾಳೇಗಾರನಿಗೆ ನಗು. ಬಿಡು ನೋಡಾನ ಅಂದ.

ಬಿಟ್ಟಳು. ಚುಕ್ಕಿ ಅತ್ತ ನೋಡಿದಳು, ಇತ್ತ ನೋಡಿದಳು. ಯಾರೋ ಕಾಳು ಚೆಲ್ಲಿದರು, ಮೂಸಲಿಲ್ಲ. ಕಾಲೆಳಕೊಂಡು ನೆಟ್ಟಗೆ ಹೊಸ ಗೋಡೆಗೆ ಹೋಗಿ, ಒಣಗಿದ ಸುಣ್ಣವನ್ನ ಟಕ್ ಟಕ್ ಟಕ್.

"ಏಯ್, ನನ್ನ ಗೋಡೆ ತಿಂತಾ ಇದೆ ಅದು."

"ನಿಮ್ಮ ಗೋಡೆ ಅಲ್ಲ ಬುದ್ಧಿ, ಅವಳ ಮೊಟ್ಟೆಯ ಸಿಪ್ಪೆ. ನೀವು ಕಿತ್ಕೊಂಡಿದ್ರಿ, ಅವಳು ವಾಪಸು ಇಸ್ಕೊಳ್ತಾ ಇದ್ದಾಳೆ. ಹಾಕದೆ ಕೇಳಬಾರದು."

ಮೂರನೇ ಸಲವೂ ಅಂದೇಬಿಟ್ಟಳು ನೋಡಿ. ಪಾಳೇಗಾರ ಕತ್ತಿ ಎತ್ತಿದ. ಸಾಕವ್ವ ಕೋಳಿಗೂ ಕತ್ತಿಗೂ ನಡುವೆ ಕೂತುಬಿಟ್ಟಳು, ಜಗಲಿ ಮೇಲೆ ಎಲೆ ಅಡಿಕೆ ಮೆಲ್ಲೋಳ ಹಂಗೆ ಕಾಲು ಚಾಚಿ.

ಆಗ ಬೋರಕ್ಕ ಸೆರಗು ತೆಗೆದಳು. ಒಳಗಿಂದ ಅವಳ ಕೋಳಿ ಇಳೀತು. ಮತ್ತೊಬ್ಬಳು ಮಂಕರಿ ಬೋರಲು ಹಾಕಿದಳು. ಮಗದೊಬ್ಬಳು ಮಡಿಲು ಬಿಚ್ಚಿದಳು. ಕರಿಯವು, ಕೆಂಪಿನವು, ಬೂದಿಯವು, ಊರ ಕೋಳಿಯೆಲ್ಲ ಗೋಡೆಗೆ. ಟಕ್ ಟಕ್ ಟಕ್.

ಎಷ್ಟು ಕತ್ತು ಕುಯ್ದಾನು ಹೇಳಿ? ಕುಯ್ದರೆ ಮೊಟ್ಟೆ ಇಲ್ಲ, ಮೊಟ್ಟೆ ಇಲ್ಲದೆ ಗಾರೆ ಇಲ್ಲ. ಗೋಡೆ ಇನ್ನೂ ಅರ್ಧ. ಗಾರೆಯೋನು ಅದನ್ನೇ ಕಿವಿಯಲ್ಲಿ ಉಸುರಿದ. ಕತ್ತಿ ಇಳೀತು. ಮಾರನೇ ದಿನ ಡಂಗುರ ಬಿತ್ತು, ಕೆರೆಯ ಚಿಪ್ಪು ಎಲ್ಲರದೂ ಅಂತ.

ಸ್ವಲ್ಪ ದಿನಕ್ಕೆ ಚುಕ್ಕಿ ಕಾಲೂರಿ ನಡೆದಳು. ಮೊಟ್ಟೆ ತಾಗಿದರೆ ಮತ್ತೆ ಕಲ್ಲಿನ ಸದ್ದು. ಅರಮನೆಯ ಆಳು ಬುಟ್ಟಿ ಹಿಡಿದು ಬಂದ. ಸಾಕವ್ವ ಒನಕೆ ಅವನ ಕೈಗಿಟ್ಟಳು. "ಮೊದಲು ಚಿಪ್ಪು ಕುಟ್ಟಪ್ಪ. ಆಮೇಲೆ ಮೊಟ್ಟೆ."

ಕುಟ್ಟಿದ.

ಅತ್ತ ಗೋಡೆ ಏನಾಯ್ತು? ಮೇಲೆಲ್ಲ ಹಾಲು ಬಿಳುಪು, ಬುಡದಲ್ಲಿ ಕೋಳಿ ಕೊಕ್ಕು ಎಟುಕಿದಷ್ಟೂ ಬೋಳು. ನೆರೆ ಸೀಮೆಯೋನು ನಕ್ಕಾನು ಅಂತ ಪಾಳೇಗಾರ ಬುಡಕ್ಕೆ ಕೆಮ್ಮಣ್ಣು ಬಳಿಸಿದ. ದೊರೆ ಬಳಿಸಿದ ಅಂತ ಗೌಡ ಬಳಿಸಿದ, ಗೌಡ ಬಳಿಸಿದ ಅಂತ ಊರೆಲ್ಲ ಬಳಿಸಿತು. ಈಗ ನೀವು ಒರಗಿರೋ ಗೋಡೆ ನೋಡಿ. ಮೇಲೆ ಸುಣ್ಣ, ಬುಡಕ್ಕೆ ಕೆಂಪು ಪಟ್ಟೆ. ಚೆಂದಕ್ಕೆ ಅಂದ್ಕೊಂಡಿದ್ದಿರಾ? ಅದು ಪಾಳೇಗಾರ ಸೋತ ಗುರುತು. ಕೋಳಿಯ ಕೊಕ್ಕಿನ ಎತ್ತರ.

ಕಥೆ ಗೋಡೆ ಏರಿತು, ಕೋಳಿ ಗೂಡು ಸೇರಿತು. ಹೂಂ ಅಂದೋರಿಗೆ ಗಟ್ಟಿ ಮೊಟ್ಟೆ, ನಿದ್ದೆ ಹೋದೋರಿಗೆ ತೊಗಲು ಮೊಟ್ಟೆ. ಏಳಿ, ಒರಳು ಖಾಲಿ ಇದೆ.