ಹಿಂದಿನ ಸೀಟಿನ ಸ್ಪೀಕರು

ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ಆಗಲ್ಲ.

ಇದು ನಮ್ಮ ಪಕ್ಕದ ಮನೆಯ ದರ್ಜಿಗೆ ಆದದ್ದು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದರಿಂದ ಬೀದಿಗೆಲ್ಲ ಅವನು ಟೇಪಣ್ಣ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಅವತ್ತು ಭಾನುವಾರ. ರಾತ್ರಿ ಹನ್ನೊಂದು ದಾಟಿತ್ತು. ಅಂಗಡಿ ಬಾಗಿಲೆಳೆದು ಒಬ್ಬನೇ ಬರುತ್ತಿದ್ದ. ನಮ್ಮ ಓಣಿಯೊಳಗೆ ಕಾರು ಹಿಡಿಸಲ್ಲ. ಓಣಿಯ ಬಾಯಲ್ಲಿರುವ ಹಾಳುಬಾವಿಯ ಕಟ್ಟೆಗೆ ಒತ್ತಿ ನಿಲ್ಲಿಸಬೇಕು. ಅವನ ಹಳೇ ಕಾರೂ ಅಲ್ಲೇ ಇತ್ತು. ಅದನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೇ...

ಟಿಕ್... ಟಿಕ್.

ಬಾವಿಯಿಂದಲ್ಲ. ಕಾರಿನೊಳಗಿಂದ. ಹಿಂದಿನ ಕಿಟಕಿಯ ಗಾಜಿಗೆ ಉಂಗುರ ತಾಗಿದ ಸದ್ದು. ಆ ಸದ್ದು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಕಾಲು ಮುಂದಕ್ಕೆ ಹೋಗಲಿಲ್ಲ.

ಅವನ ಅಮ್ಮನಿಗೆ ಕಿವಿ ಮಂದ. ಆದರೂ ಹಾಡಿನ ಹುಚ್ಚು. ಮುಂದಿನ ಸೀಟಿಗೆ ಕರೆದರೆ ಬರುವವಳಲ್ಲ. "ಎದುರಿಗೆ ಬರೋ ಲಾರಿ ಎಲ್ಲಾ ನನ್ ಮೇಲೇ ಬಂದಂಗಾಗುತ್ತೆ ಕಣೋ," ಅನ್ನುತ್ತಿದ್ದಳು. ಹಿಂದೆ ಇದ್ದದ್ದು ಅಂಗೈಯಗಲದ ಎರಡು ಸ್ಪೀಕರು, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಕೇಳಿಸದಿದ್ದರೆ ಉಂಗುರದಿಂದ ಗಾಜಿಗೆ ಎರಡು ಸಲ ಬಡಿಯುತ್ತಿದ್ದಳು. ಸಾಕು ಅನ್ನುವಷ್ಟು ಕೇಳಿಸಿದರೆ ಒಂದೇ ಸಲ. ಕಾರಿನಲ್ಲಿ ಅಮ್ಮ ಮಗನಿಗೆ ಅದೇ ಭಾಷೆ.

"ಬರೋ ಭಾನುವಾರ ದೊಡ್ಡದು ಹಾಕ್ತೀನಮ್ಮ."

ತಂದೂ ಆಗಿತ್ತು. ಮೊಟ್ಟೆಯಾಕಾರದ ಜೋಡಿ ಸ್ಪೀಕರು. ಕತ್ತರಿಸುವ ಮೇಜಿನ ಕೆಳಗೆ, ಆ ಡಬ್ಬದ ಮೇಲೆ ಎಂಟು ತಿಂಗಳು ತುಂಡು ಬಟ್ಟೆ ಬೀಳುತ್ತಲೇ ಇತ್ತು. ದರ್ಜಿಯ ನಾಳೆ ಎಂಥದ್ದು ಅಂತ ಬಟ್ಟೆ ಕೊಟ್ಟವರಿಗೆ ಗೊತ್ತು. ಅದನ್ನೇ ಅಮ್ಮನಿಗೂ ಹೇಳಿದ್ದ.

ಆ ಭಾನುವಾರಕ್ಕೆ ಎರಡು ತಿಂಗಳ ಮುಂಚೆ ಒಂದು ಸಂಜೆ ಅಮ್ಮನಿಗೆ ಎದೆ ಹಿಡಿದುಕೊಂಡಿತು. ಹೆಂಡತಿ ತವರಿಗೆ ಹೋಗಿದ್ದಳು. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಹಾರ್ನಿನ ಮೇಲಿಂದ ಕೈ ತೆಗೆಯದೆ, ಬಿರುಗಾಳಿಯ ಹಾಗೆ ಓಡಿಸಿದ. ದಾರಿಯಲ್ಲಿ ಅವಳು ಏನೋ ಹೇಳಿದಳು. ಒಂದೆರಡು ಪದ ಅಲ್ಲ, ಉದ್ದನೆಯ ಮಾತು. ಎಂಜಿನ್ನಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

"ಆಮೇಲೆ ಹೇಳಮ್ಮ!" ಅಂತ ಕೂಗಿದ.

ಆಸ್ಪತ್ರೆಯ ಮುಂದೆ ಕಾರಿನ ಹಿಂಬಾಗಿಲು ತೆಗೆದಾಗ... ಆಮೇಲೆ ಅನ್ನೋದೇ ಉಳಿದಿರಲಿಲ್ಲ.

ಅವತ್ತಿನಿಂದ ಅವನಿಗೆ ಅದೊಂದೇ ಕೊರಗು. ಏನು ಹೇಳಿದಳು? ಹೊಲಿಯುವಾಗಲೂ ಅದೇ, ಉಣ್ಣುವಾಗಲೂ ಅದೇ.

ಆ ಭಾನುವಾರ ಬೆಳಿಗ್ಗೆ ಏನನ್ನಿಸಿತೋ, ಡಬ್ಬ ಹೊರಗೆಳೆದ. ಹಿಂದಿನ ಗಾಜಿನ ಕೆಳಗಿನ ಹಲಗೆ ಬಿಚ್ಚಿದ. ಚಿಕ್ಕ ಸ್ಪೀಕರುಗಳನ್ನು ಕಿತ್ತ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಹಲಗೆಯಡಿಯ ತಗಡಿನ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಹೆಂಡತಿ ನಿಂತು ನೋಡಿದಳು.

"ರೀ... ಹಿಂದೆ ಯಾರು ಕೂತ್ಕೋತಾರೆ ಅಂತ ಇದೆಲ್ಲಾ?"

ಅವನು ತಗಡು ಕತ್ತರಿ ಎತ್ತಿಕೊಂಡ. ಅದು ಕರ್ರ್... ಕರ್ರ್... ಅನ್ನುತ್ತಿತ್ತು. ಇಪ್ಪತ್ತು ವರ್ಷದ ದರ್ಜಿ ಕೈ. ಗೆರೆಯ ಮೇಲೇ ಕತ್ತರಿಸಿ ಗೊತ್ತಿಲ್ಲ. ಹೊಲಿಗೆಗೆ ಇರಲಿ ಅಂತ ತಂತಾನೇ ಅರ್ಧ ಇಂಚು ಆಚೆ ಹೋಯಿತು. ಎರಡೂ ಕಡೆ! ಕೂರಿಸಲು ಹೋದ ಸ್ಪೀಕರು ದಡಕ್ಕನೆ ಡಿಕ್ಕಿಯೊಳಗೆ ಬಿತ್ತು. ಬಟ್ಟೆಯಾದರೆ ಒಳಗೆ ಮಡಚಬಹುದು, ತಗಡನ್ನು ಎಲ್ಲಿ ಮಡಚೋದು? ಡಿಕ್ಕಿಯ ಅಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ತಗಡಿಗೋಸ್ಕರ ಅಳ್ತಿದಾನೆ ಅಂದುಕೊಂಡು ನಾನೂ ನಕ್ಕೆ. ಆ ಪಾಪ ನನ್ನ ತಲೆಗೇ ಇರಲಿ.

ಸುತ್ತಲೂ ಪ್ಲೈವುಡ್ಡಿನ ಚೌಕಟ್ಟು ಕೊಟ್ಟು ಕೂರಿಸೋಣ ಅಂತ, ಅಳತೆಗೆ ಸ್ಪೀಕರುಗಳನ್ನು ಅಂಗಡಿಗೆ ಒಯ್ದ. ಅದನ್ನು ಕೊಯ್ಯುವುದರಲ್ಲೇ ಅಷ್ಟು ಹೊತ್ತಾದದ್ದು. ಕಾರಿನಲ್ಲಿ ಉಳಿದಿದ್ದು ಎರಡು ತೂತು, ತುದಿಗೆ ಕರೆಂಟಿನ ಕರೀ ಟೇಪು ಸುತ್ತಿದ ವೈರು. ಅಷ್ಟೇ.

ಈಗ ಅದೇ ಕಾರಿನಿಂದ ಮತ್ತೆ... ಟಿಕ್. ಟಿಕ್.

ಬಾಗಿಲು ತೆಗೆದು ಮುಂದೆ ಕೂತ. ಕೀಲಿಕೈ ಮುಷ್ಟಿಯಲ್ಲೇ ಇತ್ತು. ಹಿಂದೆ ತಿರುಗಲಿಲ್ಲ. ಅಮ್ಮ ಕೂತಿರಬಹುದು ಅನ್ನೋ ಭಯ ಅಲ್ಲ... ಕೂತಿರಲಿಕ್ಕಿಲ್ಲ ಅನ್ನೋ ಭಯ.

"ಅಮ್ಮಾ..." ಪಿಸುಗುಟ್ಟಿದ. "ಕೇಳಿಸ್ತಿಲ್ವಾ?"

ಆಮೇಲೆ ಎಡಗಡೆಯ ತೂತಿನಿಂದ ಸರ್‍ರ್... ಅಂತ, ಸ್ಟೇಷನ್ನು ಸಿಗದ ರೇಡಿಯೋದ ಸದ್ದು. ಬಲಗಡೆಯಿಂದಲೂ. ಅದರ ನಡುವೆ ಒಂದು ಉಸಿರು. ಆಮೇಲೆ ದನಿ. ನರಳುವ ದನಿಯಲ್ಲ, ಅಡುಗೆಮನೆಯಿಂದ ಕೂಗುವಾಗಿನ ಅದೇ ಮಾಮೂಲು ದನಿ. ಜೋರಾಗಿ. ಸ್ಪಷ್ಟವಾಗಿ.

"ಯಾಕೋ ಹಿಂಗೆ ಓಡಿಸ್ತೀಯಾ? ನಿಧಾನಕ್ಕೆ ಹೋಗು ಮಗಾ. ನಂಗೇನೂ ಅವಸರ ಇಲ್ಲ... ಇನ್ನೊಂಚೂರು ಹೊತ್ತು ನಿನ್ ಜೊತೆ ಕೂತಿರ್ತೀನಿ."

ಅವನು ಸ್ಟೇರಿಂಗಿಗೆ ಹಣೆಯಿಟ್ಟ.

"ಕೇಳಿಸ್ತಮ್ಮಾ... ಈಗ ಕೇಳಿಸ್ತು."

ಟಿಕ್.

ಒಂದೇ ಸಲ. ಎರಡನೆಯದಕ್ಕೆ ಎಷ್ಟು ಕಾದರೂ ಬರಲಿಲ್ಲ.

ಓಣಿಯಿಂದ ಹೆಂಡತಿ ಟಾರ್ಚು ಹಿಡಿದು ಬಂದಳು. ಮೆಲ್ಲಗೆ ಗದರಿದಳು. "ರೀ, ರೇಡಿಯೋ ಕಮ್ಮಿ ಮಾಡಿ. ಹೊತ್ತಲ್ಲದ ಹೊತ್ತಲ್ಲಿ ಬೀದಿಗೆಲ್ಲಾ ಕೇಳಿಸ್ತಿದೆ."

ಅವನು ಮುಷ್ಟಿ ಬಿಡಿಸಿ ಕೀಲಿಕೈ ತೋರಿಸಿದ. ಅವಳು ಟಾರ್ಚನ್ನು ಹಿಂದಕ್ಕೆ ತಿರುಗಿಸಿದಳು. ಎರಡು ಖಾಲಿ ತೂತು. ಟೇಪು ಸುತ್ತಿದ ವೈರು. ಟಾರ್ಚು ಆರಿಸಿ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತಳು. ಬೆಳಗಾಗುವ ತನಕ ಇಬ್ಬರೂ ಏಳಲಿಲ್ಲ.

ಸ್ಪೀಕರು ಆಮೇಲೆ ಹಾಕಿದ. ಕಾರು ಮಾತ್ರ ಇವತ್ತಿಗೂ ಮೂವತ್ತು ದಾಟಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದು ಹೋಗುತ್ತಾರೆ. ಬೈಸಿಕೊಂಡು ನಿಧಾನಕ್ಕೇ ಹೋಗುತ್ತಾನೆ.

ಸುಳ್ಳು ಅನ್ನಿ ಬೇಕಾದರೆ. ಆ ದನಿ ಅವತ್ತು ನನ್ನ ಮಂಚದ ತನಕ ಬಂದಿತ್ತು. ಇಷ್ಟು ಹೊತ್ತಲ್ಲಿ ಯಾರಪ್ಪಾ ರೇಡಿಯೋ ಹಾಕಿದ್ದು ಅಂತ ಬೈದುಕೊಂಡು, ಎದ್ದು ಕಿಟಕಿ ಮುಚ್ಚಿದವನು ನಾನೇ.